ನಾಯಿಮರಿ ತರುವವರು ಎಂಟು ವಾರ ಕಾಯಲಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ನಮ್ಮ ಬಡಾವಣೆಯ ಎರಡು ಮೂರು ಮನೆಗಳಿಗೆ ಪ್ರತಿವರ್ಷವೂ ಹೊಸದಾಗಿ ನಾಯಿಮರಿ ಬರುತ್ತದೆ. ಅದುವರೆಗೆ ನಾಯಿ ಸಾಕಿ ಗೊತ್ತಿಲ್ಲದ ತಂದೆ ತಾಯಿ ಮಕ್ಕಳ ಹಟಕ್ಕೆ ಸೋತು, ಒಂದು ಭಾನುವಾರ ಬೆಂಗಳೂರಿಗೆ ಹೋಗಿ, ರಟ್ಟಿನ ಪೆಟ್ಟಿಗೆಯಲ್ಲಿ ಮರಿಯೊಂದನ್ನು ಇಟ್ಟುಕೊಂಡು ಬರುತ್ತಾರೆ. ದಸರೆಯ ಹೊತ್ತಿಗೆ ಆ ಮರಿಗಳಲ್ಲಿ ಒಂದು ಸತ್ತಿರುತ್ತದೆ. ಇನ್ನೊಂದು ಗೇಟಿನ ಪಕ್ಕ ಗಿಡ್ಡ ಸರಪಳಿಗೆ ಬಿಗಿಸಿಕೊಂಡು ದಾರಿಹೋಕರಿಗೆಲ್ಲ ಬೊಗಳುತ್ತಿರುತ್ತದೆ. ಈ ಮನೆಯವರು ಯಾರೂ ಕಟುಕರಲ್ಲ. ಮೊದಲ ಮೂರು ತಿಂಗಳಲ್ಲಿ ಏನು ಮಾಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಕಾರಣಕ್ಕೆ ಒಂದು ಜೀವ ಹೋಯಿತು. ಅದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಿಕೊಳ್ಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

2023ರ ಏಪ್ರಿಲ್‌ನಲ್ಲಿ ನಾವು ಲ್ಯಾಬ್ರಡಾರ್ ಮರಿಯೊಂದನ್ನು ಕೊಂಡು ತಂದೆವು. ಎಂಟು ವರ್ಷದ ಮೊಮ್ಮಗಳು ಅದಕ್ಕೆ ಸೋನು ಎಂದು ಹೆಸರಿಟ್ಟಳು. 45 ದಿನದ ಮರಿ, ಮೊದಲ ಲಸಿಕೆ ಆಗಿದೆ, ಇನ್ನೇನೂ ಯೋಚನೆಯಿಲ್ಲ ಎಂದು ಮಾರಿದವರು ಹೇಳಿದ್ದರು. ಮೂರನೆಯ ದಿನ ಪಶುವೈದ್ಯರಲ್ಲಿ ತೋರಿಸಿದಾಗ ಅವರು ಮರಿಯ ತುಟಿ ಬಿಡಿಸಿ ಹಲ್ಲು ನೋಡಿ, "ಮೇಡಂ, ಇದಕ್ಕೆ ಹಿಂದಿನ ಹಲ್ಲುಗಳೇ ಇನ್ನೂ ಸರಿಯಾಗಿ ಮೂಡಿಲ್ಲ, ಒಂದು ತಿಂಗಳು ದಾಟಿದ್ದರೆ ಹೆಚ್ಚು" ಎಂದರು. ಬಳಿಕ ಲಸಿಕೆಯ ಕಾರ್ಡನ್ನು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿಸಿದರು. ಲಸಿಕೆ ಹಾಕಿದ ವೈದ್ಯರು ಸೀಸೆಯ ಮೇಲಿನ ಪುಟ್ಟ ಲೇಬಲ್ಲನ್ನು ಸುಲಿದು ಕಾರ್ಡಿಗೆ ಅಂಟಿಸಿ ಪಕ್ಕದಲ್ಲಿ ಸಹಿ ಹಾಕುತ್ತಾರೆ. ಯಾವ ಲಸಿಕೆ, ಯಾವ ಬ್ಯಾಚು ಎಂಬುದು ಆ ಲೇಬಲ್ಲಿನಲ್ಲಿ ಅಚ್ಚಾಗಿರುತ್ತದೆ. ನಮ್ಮ ಕಾರ್ಡಿನಲ್ಲಿ ಲೇಬಲ್ ಇರಬೇಕಾದ ಚೌಕ ಖಾಲಿಯಾಗಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಒಂದು ತಾರೀಖು ಮಾತ್ರ ಬರೆದಿತ್ತು. ಹತ್ತಾರು ಸಾವಿರ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಆ ಖಾಲಿ ಚೌಕವನ್ನು ಗಮನಿಸದೆ ಹಣ ಎಣಿಸಿಕೊಟ್ಟು ಬಂದಿದ್ದೆ.

ಮರುದಿನ ಸೋನು ಹಾಲು ಮುಟ್ಟಲಿಲ್ಲ. ಸಂಜೆಗೆ ವಾಂತಿ, ರಾತ್ರಿಗೆ ರಕ್ತ ಬೆರೆತ ಭೇದಿ. ಪಾರ್ವೊ ಎಂಬ ವೈರಾಣು ರೋಗವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಸೋಂಕು ತಗುಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕಾಗುವುದರಿಂದ, ಮರಿ ನಮ್ಮ ಮನೆ ಹೊಕ್ಕುವ ಮೊದಲೇ ರೋಗ ಹೊತ್ತು ಬಂದಿರಬಹುದೆಂದು ವೈದ್ಯರು ಹೇಳಿದರು. ಮೂರು ದಿನ ಡ್ರಿಪ್ ಹಾಕಿಸಿದೆವು. ನನ್ನ ಹಸ್ತದಷ್ಟು ಅಗಲದ ಆ ಎದೆ ಏರಿಳಿಯುವುದನ್ನೇ ನೋಡುತ್ತ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು. ನಾಲ್ಕನೆಯ ದಿನ ಬೆಳಗಿನ ಜಾವ ಅದು ನಿಂತಿತು.

ಆಮೇಲೆ ಓದಿ ತಿಳಿದುಕೊಂಡ ಸಂಗತಿಯೊಂದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಎಂಟು ವಾರ, ಅಂದರೆ 56 ದಿನ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2017ರಲ್ಲಿಯೇ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ಮಾಡಿದೆ. ತಳಿ ಸಾಕಣೆ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಹೀಗಿದ್ದೂ ನಮ್ಮಲ್ಲಿ "40 ದಿನದ ಮರಿ ಸಿದ್ಧವಿದೆ" ಎಂಬ ಜಾಹೀರಾತು ಮೊಬೈಲಿನಲ್ಲಿ ರಾಜಾರೋಷವಾಗಿ ಓಡಾಡುತ್ತದೆ. ಮರಿಯನ್ನು ಬೇಗ ಸಾಗಹಾಕಿದರೆ ಮಾರುವವರಿಗೆ ಎರಡು ಮೂರು ವಾರದ ಆಹಾರದ ಖರ್ಚು ಉಳಿಯುತ್ತದೆ, ಲಸಿಕೆಯ ಖರ್ಚೂ ಉಳಿಯುತ್ತದೆ. ಕೊಳ್ಳುವವರಾದ ನಾವು "ಮರಿ ಎಷ್ಟು ಚಿಕ್ಕದಿದ್ದರೆ ಅಷ್ಟು ಚೆನ್ನಾಗಿ ಮನೆಯವರಿಗೆ ಹೊಂದಿಕೊಳ್ಳುತ್ತದೆ" ಎಂಬ ನಂಬಿಕೆಯಿಂದ ಆ ಅವಸರಕ್ಕೆ ಕುಮ್ಮಕ್ಕು ಕೊಡುತ್ತೇವೆ. ಈ ನಂಬಿಕೆ ಪೂರ್ತಿ ತಪ್ಪು. ಐದರಿಂದ ಎಂಟನೆಯ ವಾರದ ನಡುವೆ ಮರಿಗೆ ತಾಯಿಯೂ ಒಡಹುಟ್ಟುಗಳೂ ಪಾಠ ಹೇಳುತ್ತಿರುತ್ತವೆ. ಆಡುವಾಗ ಒಂದು ಮರಿ ಇನ್ನೊಂದರ ಕಿವಿಯನ್ನು ಜೋರಾಗಿ ಕಚ್ಚಿದರೆ ಕಚ್ಚಿಸಿಕೊಂಡ ಮರಿ ಕಿರುಚಿ ಆಟ ಬಿಟ್ಟು ಎದ್ದುಹೋಗುತ್ತದೆ. ಹೀಗೆ ಹತ್ತಾರು ಸಲ ಆದ ಮೇಲೆ ಎಷ್ಟು ಒತ್ತಿ ಕಚ್ಚಿದರೆ ಎದುರಿನ ಜೀವಕ್ಕೆ ನೋವಾಗುತ್ತದೆ ಎಂಬ ಅಳತೆ ಮರಿಯ ದವಡೆಗೆ ಸಿಗುತ್ತದೆ. 30 ದಿನಕ್ಕೇ ತಾಯಿಯಿಂದ ಕಿತ್ತು ತಂದ ಮರಿಗೆ ಈ ಅಳತೆ ಗೊತ್ತಿರುವುದಿಲ್ಲ. ಅದು ಮನೆಯ ಮಗುವಿನ ಕೈಯನ್ನು ರಕ್ತ ಬರುವಂತೆ ಕಚ್ಚಿದಾಗ "ಇದರ ಬುದ್ಧಿಯೇ ಹೀಗೆ" ಎಂದು ಕಟ್ಟಿಹಾಕುತ್ತೇವೆ.

ಸೋನು ಹೋದ ಮೇಲೆ ಹದಿನಾಲ್ಕು ತಿಂಗಳು ನಾವು ಬೇರೆ ಮರಿ ತರಲಿಲ್ಲ. ಪಾರ್ವೊ ವೈರಾಣು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯ ಫಿನಾಯಿಲನ್ನು ನಂಬಬೇಡಿ, ಬ್ಲೀಚಿಂಗ್ ದ್ರಾವಣದಿಂದಲೇ ನೆಲ ತೊಳೆಯಬೇಕೆಂದು ವೈದ್ಯರು ತಿಳಿಸಿದ್ದರು. 2024ರ ಜೂನ್‌ನಲ್ಲಿ ತಿಪಟೂರು ಬಳಿಯ ನನ್ನ ತಂಗಿಯ ತೋಟದ ಮನೆಯಿಂದ ಕರಿಯ ಬಂದ. ಅವನು ಜಾತಿ ನಾಯಿಯಲ್ಲ, ಕೊಟ್ಟಿಗೆಯಲ್ಲಿ ಹುಟ್ಟಿದ ಅಚ್ಚ ನಾಟಿ. ಆದರೆ 62 ದಿನ ತಾಯಿಯ ಜೊತೆಗಿದ್ದು, ಲೇಬಲ್ ಅಂಟಿಸಿದ ಕಾರ್ಡಿನೊಂದಿಗೆ ಬಂದ.

ಇಲ್ಲಿಂದ ಮುಂದಿನ ವಿಷಯವೇ ಹೊಸಬರನ್ನು ಹೆಚ್ಚು ಗೊಂದಲಕ್ಕೆ ದೂಡುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕೆಲವು ವಾರಗಳಲ್ಲಿ ಇಳಿಯುತ್ತ ಹೋಗುತ್ತದೆ; ಅದು ಪೂರ್ತಿ ಇಳಿಯದೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಯಾವ ಮರಿಗೆ ಯಾವ ವಾರದಲ್ಲಿ ಇಳಿಯುತ್ತದೆಂದು ಹೊರಗಿನಿಂದ ತಿಳಿಯದ ಕಾರಣ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16ನೆಯ ವಾರದವರೆಗೆ ಲಸಿಕೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ಅಲ್ಲಿಯವರೆಗೆ ಬೀದಿಯ ನೆಲಕ್ಕೆ ಇಳಿಸಬೇಡಿ ಎನ್ನುತ್ತಾರೆ. ಅದು ಸರಿಯಾದ ಮಾತು. ಆದರೆ ಅದನ್ನು ಕೇಳಿದ ಮನೆಯವರು ಮರಿಯನ್ನು ಎರಡು ತಿಂಗಳು ಹಿಂದಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅಲ್ಲಿಗೆ ಅನಾಹುತ ಆರಂಭವಾಗುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಾನುಗಟ್ಟಲೆ ಮರಿಗಳನ್ನು ಗಮನಿಸಿ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಪರಿಚಯವಾದ ಮನುಷ್ಯರನ್ನೂ ಸದ್ದುಗಳನ್ನೂ ನಾಯಿ ಜೀವನಪೂರ್ತಿ ತನ್ನವೆಂದು ಒಪ್ಪಿಕೊಳ್ಳುತ್ತದೆ, ಆ ಬಾಗಿಲು ಮುಚ್ಚಿದ ಮೇಲೆ ಎದುರಾದುದಕ್ಕೆಲ್ಲ ಹೆದರುವುದು ಹೆಚ್ಚು ಎಂದು 1960ರ ದಶಕದಲ್ಲಿಯೇ ತೋರಿಸಿಕೊಟ್ಟರು. ಗೇಟಿನ ಬಳಿ ನಿಂತು ಎಲ್ಲರಿಗೂ ಬೊಗಳುವ ನಾಯಿಯನ್ನು ನಾವು ಶೂರನೆಂದುಕೊಳ್ಳುತ್ತೇವೆ. ಬಹಳಷ್ಟು ಸಲ ಅದು ಹೆದರಿದ ನಾಯಿ.

ಲಸಿಕೆ ಮುಗಿಯುವವರೆಗೆ ನೆಲಕ್ಕೆ ಬಿಡುವಂತಿಲ್ಲ, ಲಸಿಕೆ ಮುಗಿಯುವಷ್ಟರಲ್ಲಿ ಕಲಿಯುವ ಕಾಲ ಕಳೆದುಹೋಗುತ್ತದೆ. ನಮ್ಮ ವೈದ್ಯರು ಇದಕ್ಕೆ ಹೇಳಿದ ದಾರಿ ಬಹಳ ಸರಳವಾಗಿತ್ತು: ಮರಿ ನೆಲ ಮುಟ್ಟದಿದ್ದರೆ ಆಯಿತು, ಕಣ್ಣು ಕಿವಿಗಳಿಗೆ ಏಕೆ ಬೀಗ ಹಾಕುತ್ತೀರಿ? ಅಂದಿನಿಂದ ದಿನವೂ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾನು ಹಳೆಯ ಟವೆಲ್ಲಿನಲ್ಲಿ ಕರಿಯನನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದೆ. ಕಸದ ಗಾಡಿಯ ಹಾಡು ಮೊದಲ ದಿನ ಕೇಳಿದಾಗ ಅವನ ಉಗುರು ನನ್ನ ಸೀರೆಯ ನೆರಿಗೆಯೊಳಗೆ ಹೂತುಹೋಯಿತು. ನಾನು ಮಾತನಾಡಿಸದೆ, ಮುದ್ದುಗರೆಯದೆ, ಬೇಯಿಸಿದ ಮೊಟ್ಟೆಯ ಒಂದು ಸಣ್ಣ ಚೂರನ್ನು ಅವನ ಮೂಗಿನ ಮುಂದೆ ಹಿಡಿದೆ. ಐದನೆಯ ದಿನ ಗಾಡಿಯ ಹಾಡು ದೂರದ ತಿರುವಿನಲ್ಲಿ ಕೇಳಿಸುತ್ತಲೇ ಅವನು ಕಿವಿ ನಿಮಿರಿಸಿ ನನ್ನ ಮುಖ ನೋಡತೊಡಗಿದ. ಹೆದರಿಕೆಯ ಜಾಗದಲ್ಲಿ ಮೊಟ್ಟೆಯ ನೆನಪು ಬಂದು ಕುಳಿತಿತ್ತು. ಹೀಗೆಯೇ ಸಿಲಿಂಡರ್ ಉರುಳಿಸುವ ಸದ್ದು, ಕುಕ್ಕರಿನ ಕೂಗು, ಹೆಲ್ಮೆಟ್ ಹಾಕಿದ ಅಂಚೆಯವರು, ಊರುಗೋಲಿನ ಅಜ್ಜ, ಬುಟ್ಟಿ ಹೊತ್ತ ಸೊಪ್ಪಿನವಳು, ಮಳೆಗಾಲದ ಛತ್ರಿಗಳು, ಸಮವಸ್ತ್ರದ ಮಕ್ಕಳ ಗುಂಪು, ಎಲ್ಲವೂ ಒಂದೊಂದಾಗಿ ಪರಿಚಯವಾದವು. ದೀಪಾವಳಿಯ ಪಟಾಕಿಗೆ ಮಾತ್ರ ಅವನು ಮಂಚದ ಕೆಳಗೆ ಸೇರಿಕೊಂಡ, ಅದನ್ನು ಮುಚ್ಚಿಡುವುದಿಲ್ಲ. ಕಿಟಕಿಗಳನ್ನು ಮುಚ್ಚಿ, ಟಿ.ವಿ. ಸದ್ದು ಹೆಚ್ಚಿಸಿ, ಅವನ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡೆ.

ಕಚ್ಚುವ ವಿಚಾರದಲ್ಲಿ ಹೊಸಬರು ಎದೆಗುಂದುವುದು ಸಹಜ. ಮರಿಗೆ 28 ಹಾಲುಹಲ್ಲುಗಳಿರುತ್ತವೆ, ಒಂದೊಂದೂ ಸೂಜಿಯ ಮೊನೆ. ಮೂರೂವರೆ ನಾಲ್ಕು ತಿಂಗಳಿಗೆ ಅವು ಉದುರಲಾರಂಭಿಸಿ ಏಳನೆಯ ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಈ ನಡುವೆ ಒಸಡಿನ ನವೆಗೆ ಮರಿ ಚಪ್ಪಲಿ, ಬಾಗಿಲ ಚೌಕಟ್ಟು, ನಮ್ಮ ಬೆರಳು ಎಲ್ಲವನ್ನೂ ಅಗಿಯುತ್ತದೆ. ಮೂತಿಗೆ ಹೊಡೆದರೆ ಅದು ನಮ್ಮ ಕೈಗೆ ಹೆದರಲು ಕಲಿಯುತ್ತದೆಯೇ ಹೊರತು ಕಚ್ಚದಿರಲು ಕಲಿಯುವುದಿಲ್ಲ. ಹಲ್ಲು ತಾಗಿದೊಡನೆ ಆಟ ನಿಲ್ಲಿಸಿ, ಕೈ ಕೊಸರಿಕೊಳ್ಳದೆ, ಮರದಂತೆ ನಿಂತುಬಿಡಬೇಕು; ನಂತರ ಅಗಿಯಲು ಬೇರೆ ವಸ್ತು ಕೊಡಬೇಕು. ಒದ್ದೆ ಮಾಡಿ ಗಂಟು ಕಟ್ಟಿ ಫ್ರಿಜ್ಜಿನಲ್ಲಿಟ್ಟ ಹಳೆಯ ಹತ್ತಿಬಟ್ಟೆ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮೊಮ್ಮಗಳಿಗೆ ಇದನ್ನು ಕಲಿಸಲು ಕರಿಯನಿಗೆ ಕಲಿಸುವುದಕ್ಕಿಂತ ಹೆಚ್ಚು ದಿನ ಬೇಕಾಯಿತು, ಏಕೆಂದರೆ ಮಕ್ಕಳು ಕಚ್ಚಿಸಿಕೊಂಡಾಗ ಕೂಗಿ ಓಡುತ್ತಾರೆ, ಓಡುವುದನ್ನು ಮರಿ ಆಟವೆಂದೇ ತಿಳಿಯುತ್ತದೆ. ಒಂದು ದಿನ ಕಸ ಗುಡಿಸುವಾಗ ಕಾಲೊರಸಿನ ಅಂಚಿನಲ್ಲಿ ಅಕ್ಕಿಕಾಳಿನಂಥದ್ದೇನೋ ಸಿಕ್ಕಿತು. ಬೆಳಕಿಗೆ ಹಿಡಿದರೆ ಕರಿಯನ ಹಾಲುಹಲ್ಲು, ಬುಡದಲ್ಲಿ ಚುಕ್ಕೆಯಷ್ಟು ರಕ್ತ. ಅವಳು ಅದನ್ನು ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಮನೆಯೊಳಗೆ ಗಲೀಜು ಮಾಡುವುದಕ್ಕೆ ಮರಿಯ ಮೂಗನ್ನು ಅದೇ ಮೂತ್ರಕ್ಕೆ ಉಜ್ಜಿ, ಸುತ್ತಿದ ವೃತ್ತಪತ್ರಿಕೆಯಿಂದ ಬಾರಿಸುವ ಪದ್ಧತಿಯನ್ನು ಈಗಲೂ ಹಿರಿಯರು ಹೊಸಬರಿಗೆ ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಯಾರೂ ಮಾಡಬಾರದು. ಮೂರು ತಿಂಗಳ ಮರಿಗೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ನಿದ್ದೆಯಿಂದ ಎದ್ದೊಡನೆ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದೊಡನೆ, ಮಲಗುವ ಮುನ್ನ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಒಂದೇ ಜಾಗದಲ್ಲಿ ಬಿಟ್ಟು, ಕೆಲಸ ಮುಗಿಸಿದ ಕ್ಷಣದಲ್ಲಿಯೇ ಮೆಚ್ಚುಗೆಯ ಮಾತು ಹೇಳಿ ತಿನ್ನಲು ಚೂರು ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದುದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಮೊದಲ ಒಂದು ತಿಂಗಳು ರಾತ್ರಿ ಎರಡು ಗಂಟೆಗೊಮ್ಮೆ ಏಳುವ ಪಾಳಿಯನ್ನು ನಮ್ಮ ಯಜಮಾನರು ವಹಿಸಿಕೊಂಡರು. ನಾವು ಮನೆಗೆ ಬಂದಾಗ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿಕೊಂಡ ನಾಯಿಯನ್ನು ಕಂಡು "ನೋಡಿ, ಅದಕ್ಕೆ ತನ್ನ ತಪ್ಪು ಗೊತ್ತಿದೆ" ಎನ್ನುವವರಿದ್ದಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳು ತಪ್ಪು ಮಾಡಿರಲಿ ಬಿಡಲಿ, ಯಜಮಾನ ಗದರಿದಾಗ ಮಾತ್ರ ಆ ಮುಖ ಹೆಚ್ಚಾಗಿ ಕಾಣಿಸಿಕೊಂಡಿತು. ಅದು ನಮ್ಮ ಸಿಟ್ಟನ್ನು ಓದಿದ ಮುಖ. ಎರಡು ಗಂಟೆಯ ಹಿಂದೆ ಹರಿದ ಚಾಪೆಗೆ ಈಗ ಬಿದ್ದ ಏಟಿನ ಸಂಬಂಧ ಮರಿಗೆ ಎಂದೂ ತಿಳಿಯುವುದಿಲ್ಲ. ಇದನ್ನು ಓದಿದ ದಿನ, ತರಗತಿಯಲ್ಲಿ ತಲೆ ತಗ್ಗಿಸಿ ನಿಂತ ಎಷ್ಟೋ ಮಕ್ಕಳ ಮುಖ ನನಗೆ ನೆನಪಾಯಿತು.

ಕಲಿಸುವ ಮಾತಿನ ಬಗ್ಗೆಯೂ ಒಂದು ವಿಷಯ ಹೇಳಬೇಕು. ನಾಯಿಗೆ ಇಂಗ್ಲಿಷಿನಲ್ಲಿಯೇ ಹೇಳಬೇಕೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಮೊದಲ ವಾರ ಮೊಮ್ಮಗಳು "ಸಿಟ್" ಎಂದಳು, ನಾನು "ಕೂತ್ಕೋ" ಎಂದೆ, ಯಜಮಾನರು "ಕೂರೋ" ಎಂದು ಗದರಿದರು. ಕರಿಯ ಮೂವರನ್ನೂ ಸರದಿಯಂತೆ ನೋಡಿ ಬಾಲ ಅಲ್ಲಾಡಿಸಿದ. ಆಮೇಲೆ ಮನೆಯವರೆಲ್ಲ ಸೇರಿ ಐದು ಮಾತುಗಳನ್ನು ನಿಗದಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು: ಕೂರು, ಬಾ, ಬಿಡು, ನಿಲ್ಲು, ಸಾಕು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ, ಅಷ್ಟೇ ಪಾಠ. ಹತ್ತು ದಿನದಲ್ಲಿ "ಕೂರು" ಬಂತು. "ಬಾ" ಎಂಬ ಮಾತನ್ನು ಮಾತ್ರ ಎಂದೂ ಬೈಯಲು, ಸ್ನಾನ ಮಾಡಿಸಲು, ಕಟ್ಟಿಹಾಕಲು ಬಳಸಕೂಡದು. ಕರೆದಾಗ ಬಂದ ನಾಯಿಗೆ ಒಮ್ಮೆ ಏಟು ಬಿದ್ದರೂ ಮುಂದಿನ ಸಲ ಅದು ಬರುವ ಮೊದಲು ಯೋಚಿಸುತ್ತದೆ, ಆ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಬರುತ್ತಿರಬಹುದು.

ಆಹಾರದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಹಾಲು ಬಿಸ್ಕತ್ತು ಮರಿಯ ಊಟವಲ್ಲ. ಹಸುವಿನ ಹಾಲಿಗೆ ಬಹಳಷ್ಟು ಮರಿಗಳಿಗೆ ಭೇದಿಯಾಗುತ್ತದೆ. ರಾಗಿ ಅಂಬಲಿ, ಮೊಸರನ್ನ ಕೊಡುವ ಮನೆಗಳಲ್ಲಿ ಬೆಳೆಯುವ ಮರಿಗೆ ಮೊಟ್ಟೆಯೋ ಮಾಂಸವೋ ಸಿದ್ಧ ಆಹಾರವೋ ಜೊತೆಗೆ ಇರಲೇಬೇಕು. ನಮ್ಮ ಅಡುಗೆಮನೆಗಳಲ್ಲಿ ಅಪಾಯ ಇರುವುದು ಉಳಿದ ಸಾರು ಅನ್ನದಲ್ಲಿ, ಏಕೆಂದರೆ ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಬ್ಬದ ದಿನ ಪ್ರೀತಿಯಿಂದ ನೆಕ್ಕಿಸುವ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಹುದು. ಚಾಕೊಲೇಟ್ ಕೂಡದು. ಬೇಯಿಸಿದ ಕೋಳಿಮೂಳೆ ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ.

ಇನ್ನು ರೇಬಿಸ್. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ಶೇ 99ರವರೆಗೆ ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಲಸಿಕೆಯಾಗದ ಮರಿಯ ಹಲ್ಲೋ ಉಗುರೋ ಮಗುವಿನ ಚರ್ಮ ಗೀರಿದರೆ "ನಮ್ಮ ಮನೆಯ ಮರಿ ತಾನೇ" ಎಂದು ಅರಿಶಿನ ಹಚ್ಚಿ ಸುಮ್ಮನಾಗಬಾರದು. ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ರತಿವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುತ್ತವೆ. ಅದನ್ನು ನಾಟಿ ನಾಯಿ ಸಾಕುವವರು ವಿಶೇಷವಾಗಿ ಉಪಯೋಗಿಸಿಕೊಳ್ಳಬೇಕು.

ಆರೇಳು ತಿಂಗಳಿಗೆ ಮರಿಯ ಮುದ್ದುತನ ಕಳೆದು, ಮೈಕೈ ತುಂಬಿ, ಹೇಳಿದ್ದನ್ನು ಕೇಳದ ಹರೆಯ ಬರುತ್ತದೆ. ರಜೆಯಲ್ಲಿ ಹಟ ಹಿಡಿದ ಮಕ್ಕಳು ಅಷ್ಟರಲ್ಲಿ ಪಾಠ, ಟ್ಯೂಷನ್ನುಗಳಲ್ಲಿ ಮುಳುಗಿರುತ್ತಾರೆ. ಗೇಟಿನ ಪಕ್ಕದ ಸರಪಳಿ ಹೊರಬರುವುದು ಆಗಲೇ. 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದೂ, ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದೂ ಅಪರಾಧ. ಈ ಮಾತನ್ನು ಹೆದರಿಸಲು ಬರೆಯುತ್ತಿಲ್ಲ. ಮರಿ ತರುವ ಮೊದಲೇ ಮನೆಯವರು ಕೂತು, ಹತ್ತು ಹನ್ನೆರಡು ವರ್ಷ ದಿನಕ್ಕೆರಡು ಬಾರಿ ಇದನ್ನು ನಡೆಸಿಕೊಂಡು ಹೋಗುವವರು ಯಾರು ಎಂದು ಹೆಸರು ಹೇಳಿ ನಿರ್ಧರಿಸಿದರೆ ಯಾವ ತಳಿ, ಎಷ್ಟು ದೊಡ್ಡದು ಎಂಬ ಪ್ರಶ್ನೆಗಳೂ ತಾವಾಗಿಯೇ ಬಗೆಹರಿಯುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನಮ್ಮ ಹೆಮ್ಮೆ ನಿಜ, ಆದರೆ ಅದು ಬಯಲಿನಲ್ಲಿ ಬೇಟೆಯ ಬೆನ್ನಟ್ಟಿ ಓಡಲು ಹುಟ್ಟಿದ ನಾಯಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನು ಕಟ್ಟಿಹಾಕಿದರೆ ಆ ಹೆಮ್ಮೆಗೆ ಅರ್ಥವಿಲ್ಲ.

ಪಶುಪಾಲನಾ ಇಲಾಖೆಗೂ ನಗರಸಭೆ, ಪಾಲಿಕೆಗಳಿಗೂ ನನ್ನ ವಿನಂತಿ ಇಷ್ಟೇ. ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ತಡೆಯುವ ನಿಯಮ ಕಾಗದದಲ್ಲಿದೆ; ಬೇಸಿಗೆ ರಜೆಯ ಎರಡು ತಿಂಗಳಾದರೂ ಮಾರಾಟದ ಜಾಗಗಳಿಗೆ ಹೋಗಿ ಕಾರ್ಡುಗಳನ್ನು ತಪಾಸಣೆ ಮಾಡಲಿ. ಮೊದಲ ಲಸಿಕೆಗೆ ಮರಿಯನ್ನು ತರುವ ಪ್ರತಿ ಮನೆಯವರ ಕೈಗೆ, ಮೊದಲ ಹದಿನಾರು ವಾರದಲ್ಲಿ ಮಾಡಬೇಕಾದುದನ್ನು ಹೇಳುವ ಒಂದು ಹಾಳೆಯನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ನಾಯಿ ಸಾಕುವ ಪರವಾನಗಿ ನೀಡುವಾಗಲೂ ಅದೇ ಹಾಳೆಯನ್ನು ಕೊಡಬಹುದು. ತಮ್ಮ ಪತ್ರಿಕೆಯೂ ಮಾರ್ಚ್ ಕೊನೆಯ ವಾರದಲ್ಲಿ, ಮಕ್ಕಳ ಪರೀಕ್ಷೆ ಮುಗಿಯುವ ಮುನ್ನ, ಪಶುವೈದ್ಯರಿಂದ ಬರೆಸಿದ ಒಂದು ಪುಟವನ್ನು ಪ್ರಕಟಿಸಿದರೆ ಅನೇಕ ಮನೆಗಳಿಗೆ ಉಪಕಾರವಾಗುತ್ತದೆ. ನಮ್ಮ ಊರಿನ ಪಶು ಆಸ್ಪತ್ರೆಯವರು ಒಪ್ಪಿದರೆ ಆ ಹಾಳೆಯ ಕರಡನ್ನು ಬರೆದುಕೊಡಲು, ವೈದ್ಯರು ತಿದ್ದಿದ ಮೇಲೆ ಮೊದಲ ಐನೂರು ಪ್ರತಿಗಳನ್ನು ನನ್ನ ಖರ್ಚಿನಲ್ಲಿಯೇ ಅಚ್ಚು ಹಾಕಿಸಿಕೊಡಲು ನಾನು ಸಿದ್ಧಳಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ತುಮಕೂರು